ರೂಸ್‌ವೆಲ್ಟ್ ಯಾಕೆ ಸುಮ್ಮನಾದ?

ಬೆಳ್ಳಂದೂರು ಕೆರೆ ಅಂದ ತಕ್ಷಣ ನಿಮಗೆ ನೆನಪಾಗೋದು ನೊರೆ, ವಾಸನೆ ಮತ್ತು ಔಟರ್ ರಿಂಗ್ ರೋಡಿನ ಟ್ರಾಫಿಕ್ಕು. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಕೆರೆಯ ನೀರಿನ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಕ್ಯಾಟಲೀನಾ ಅಂತ ಅವುಗಳ ಹೆಸರು. ನೀರಿನ ಮೇಲೇ ಇಳಿದು ನೀರಿನಿಂದಲೇ ಮೇಲೇಳುವ ಅಮೆರಿಕನ್ ವಿಮಾನಗಳು. ಪಕ್ಕದಲ್ಲೇ ಇದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ, ಅಂದರೆ ಇವತ್ತಿನ ಎಚ್‌ಎಎಲ್‌ಗೆ, ಅವು ರಿಪೇರಿಗೆ ಬರುತ್ತಿದ್ದವು.

ಅದೇ ವರ್ಷಗಳಲ್ಲಿ ನಮ್ಮ ಹಾವೇರಿ ಕಡೆ ಬೇರೆಯದೇ ಕಥೆ ನಡೆದಿತ್ತು. 1943ರ ಏಪ್ರಿಲ್ 1ರಂದು ವರದಾ ನದಿ ದಂಡೆಯ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಮೂರು ಜನ ಸತ್ತರು. ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಊರಿನ ವೀರಭದ್ರ ದೇವಸ್ಥಾನದಲ್ಲಿ ಸರ್ಕಾರ ಇಟ್ಟಿದ್ದ ಕಂದಾಯದ ಹಣವನ್ನು ವಶ ಮಾಡಿಕೊಳ್ಳೋಕೆ ಹೋದವರು ಅವರು. ಮಹಾದೇವಪ್ಪ ಅವರಿಗೆ ಆಗಿನ್ನೂ 31 ವರ್ಷ.

ನಾನು ಬಂಕಾಪುರದವನು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಾಗ ಹಾವೇರಿ ದಾಟಿದ ಮೇಲೆ ಟೋಲ್ ಕಟ್ಟುತ್ತೀರಲ್ಲ, ಆ ಬಂಕಾಪುರ. ಈಗ ಕೆಲಸ ಬೆಂಗಳೂರಿನಲ್ಲಿ. ಹಾಗಾಗಿ ಈ ಎರಡೂ ಕಥೆಗಳು ನನಗೆ ಹತ್ತಿರದವು. ಆದರೆ ಇವೆರಡನ್ನೂ ಒಂದೇ ಪುಟದಲ್ಲಿಟ್ಟು ನೋಡಬೇಕು ಅಂತ ಅನಿಸಿದ್ದು ಇತ್ತೀಚೆಗೆ, ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಯುದ್ಧಕ್ಕೆ ಮುಂಚೆ ಮತ್ತು ಯುದ್ಧದ ನಡುವೆ ಏನೇನು ಮಾಡಿದ ಅಂತ ಓದುವಾಗ. ಬೆಳ್ಳಂದೂರಿಗೆ ವಿಮಾನ ಬಂದಿದ್ದರ ಹಿಂದೆ ಅವನಿದ್ದಾನೆ. ಹೊಸರಿತ್ತಿಯಲ್ಲಿ ಗುಂಡು ಹಾರಿದ್ದರ ಹಿಂದೆ ಅವನಿಲ್ಲ. ಆದರೆ ಅಂಥ ಗುಂಡುಗಳು ದೇಶದ ತುಂಬ ಹಾರುತ್ತಿದ್ದಾಗ ಮಾತಾಡಬಹುದಾಗಿದ್ದ, ಅದಕ್ಕೆ ಮುಂಚೆ ಮಾತಾಡಿಯೂ ಇದ್ದ ಮನುಷ್ಯ ಅವನು. ಆಮೇಲೆ ಸುಮ್ಮನಾದ. ಯಾಕೆ?

ಇದಕ್ಕೆ ಉತ್ತರ ಹುಡುಕೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎಷ್ಟು ಹಿಂದಕ್ಕೆ ಅಂದರೆ, ಅಮೆರಿಕಕ್ಕೆ ಇನ್ನೂ ಅಧ್ಯಕ್ಷನೇ ಇಲ್ಲದ ಕಾಲಕ್ಕೆ.

1776ರ ಸುಮಾರಿಗೆ ಹೈದರ್ ಅಲಿ ನಮ್ಮ ಬಂಕಾಪುರವನ್ನು ಗೆದ್ದುಕೊಂಡ. ಅದೇ 1776ರಲ್ಲಿ ಅತ್ತ ಅಮೆರಿಕದವರು ಬ್ರಿಟಿಷರಿಂದ ಬಿಡುಗಡೆ ಘೋಷಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಹೈದರ್ ಇಲ್ಲಿ, ಅವರು ಅಲ್ಲಿ, ಇಬ್ಬರೂ ಒಂದೇ ಶತ್ರುವಿನ ಜೊತೆ ಕಾದಾಡುತ್ತಿದ್ದರು. ಇಂಗ್ಲಿಷರಿಗೆ ನೀರು ಕುಡಿಸುತ್ತಿರುವ ಹೈದರ್ ಅಂತ ಒಬ್ಬ ಇದ್ದಾನೆ ಅನ್ನೋ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಎಷ್ಟರ ಮಟ್ಟಿಗೆ ಅಂದರೆ, ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಅಂತಲೇ ಹೆಸರಿಟ್ಟರು. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಅನ್ನೋ ಕ್ಯಾಪ್ಟನ್ ಆ ಹಡಗಿನಲ್ಲಿ ಹೋಗಿ, ತನ್ನದಕ್ಕಿಂತ ಬಲವಾಗಿದ್ದ ‘ಜನರಲ್ ಮಾಂಕ್’ ಅನ್ನೋ ಬ್ರಿಟಿಷ್ ಹಡಗನ್ನು ಸೆರೆಹಿಡಿದ. ಶತ್ರುವಿನ ಶತ್ರು ಮಿತ್ರ ಅನ್ನೋ ಲೆಕ್ಕ. ಅಮೆರಿಕದವರು ಹೈದರನನ್ನು ಕಂಡವರಲ್ಲ, ಅವನಿಗೆ ಒಂದು ಬಂದೂಕು ಕಳಿಸಿದವರೂ ಅಲ್ಲ. ಆದರೂ ಹೆಸರಿಟ್ಟರು.

ಇದಾಗಿ 160 ವರ್ಷಕ್ಕೆ ಲೆಕ್ಕ ತಿರುಗಿತು. ಅದೇ ಬ್ರಿಟಿಷರು ಅಮೆರಿಕಕ್ಕೆ ಅತಿ ಹತ್ತಿರದ ಮಿತ್ರರಾದರು. ಆಗ ಭಾರತ ಎಲ್ಲಿ ನಿಲ್ಲುತ್ತದೆ? ರೂಸ್‌ವೆಲ್ಟ್‌ನ ಇಕ್ಕಟ್ಟು ಇದು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಅಮೆರಿಕದ ಅಧ್ಯಕ್ಷ ಅಂದರೆ ಮನಸ್ಸಿಗೆ ಬಂದದ್ದು ಮಾಡುವ ಚಕ್ರವರ್ತಿ ಅಂತ ನಾವು ತಿಳಿದಿರುತ್ತೇವೆ. 1930ರ ದಶಕದಲ್ಲಿ ಅದು ಹಾಗಿರಲಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿದ್ದ ಅಮೆರಿಕದ ಜನಕ್ಕೆ ಯುರೋಪಿನ ಜಗಳವೇ ಬೇಡವಾಗಿತ್ತು. ಸಾಲದ್ದಕ್ಕೆ ಆರ್ಥಿಕ ಕುಸಿತ ಬೇರೆ. ಅಲ್ಲಿನ ಸಂಸತ್ತು 1935ರಿಂದ ಒಂದರ ಮೇಲೊಂದು ತಾಟಸ್ಥ್ಯ ಕಾಯ್ದೆಗಳನ್ನು ತಂದಿತು. ಯುದ್ಧ ಮಾಡುತ್ತಿರುವ ಯಾವ ದೇಶಕ್ಕೂ ಆಯುಧ ಮಾರುವ ಹಾಗಿಲ್ಲ. ದಾಳಿ ಮಾಡಿದವನು, ದಾಳಿಗೆ ಸಿಕ್ಕವನು ಇಬ್ಬರೂ ಕಾನೂನಿನ ಕಣ್ಣಿಗೆ ಒಂದೇ.

ರೂಸ್‌ವೆಲ್ಟ್‌ಗೆ ಇದು ಸರಿ ಕಾಣಲಿಲ್ಲ. 1937ರ ಅಕ್ಟೋಬರ್ 5ರಂದು ಷಿಕಾಗೋದಲ್ಲಿ ಒಂದು ಭಾಷಣ ಮಾಡಿದ. ಸಾಂಕ್ರಾಮಿಕ ರೋಗ ಬಂದಾಗ ರೋಗಿಯನ್ನು ಬೇರೆ ಇಡುತ್ತೀವಲ್ಲ, ಹಾಗೆ ಜಗಳಗಂಟ ದೇಶಗಳನ್ನೂ ದೂರ ಇಡಬೇಕು ಅನ್ನೋ ಅರ್ಥದ ಮಾತು. ‘ಕ್ವಾರಂಟೈನ್ ಭಾಷಣ’ ಅಂತಲೇ ಅದು ಹೆಸರಾಯಿತು. ಯುದ್ಧ ಬೇಡ ಅನ್ನುವವರು ಮೇಲೆ ಬಿದ್ದರು. ಅವನು ಮಾತು ಮುಂದುವರಿಸಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ: ಒಂದು ದೊಡ್ಡ ಮಾತು ಹೇಳೋದು, ಜನ ಹೇಗೆ ತಗೋತಾರೆ ನೋಡೋದು, ಕಷ್ಟ ಅನಿಸಿದರೆ ಹಿಂದೆ ಸರಿಯೋದು, ಮತ್ತೆ ಬೇರೆ ದಾರಿಯಿಂದ ಬರೋದು. ಅವನ ವಿದೇಶಾಂಗ ನೀತಿಯ ನಡಿಗೆಯೇ ಇದು. ಭಾರತದ ವಿಷಯದಲ್ಲೂ ಇದೇ ಆಗುತ್ತದೆ, ಕೊನೆಯ ಹೆಜ್ಜೆ ಒಂದನ್ನು ಬಿಟ್ಟು.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ನವೆಂಬರಿನಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು: ರೊಕ್ಕ ಕೊಟ್ಟು, ನಿಮ್ಮದೇ ಹಡಗಿನಲ್ಲಿ ಒಯ್ಯುವುದಾದರೆ ಆಯುಧ ಕೊಡ್ತೀವಿ. ಕಾಗದದ ಮೇಲೆ ಇದು ಎಲ್ಲರಿಗೂ ಒಂದೇ. ಆದರೆ ಅಟ್ಲಾಂಟಿಕ್ ದಾಟೋ ಹಡಗುಬಲ ಇದ್ದದ್ದು ಬ್ರಿಟನ್ನಿಗೆ. 1940ರ ಸೆಪ್ಟೆಂಬರ್ 2ಕ್ಕೆ 50 ಹಳೇ ಯುದ್ಧನೌಕೆಗಳನ್ನು ಬ್ರಿಟನ್ನಿಗೆ ಕೊಟ್ಟು, ಬದಲಿಗೆ ಅವರ ವಸಾಹತುಗಳಲ್ಲಿ ನೌಕಾನೆಲೆ ಕಟ್ಟೋ ಜಾಗವನ್ನು 99 ವರ್ಷದ ಲೀಸಿಗೆ ತಗೊಂಡ. ಇದಕ್ಕೆ ಸಂಸತ್ತಿನ ಮಂಜೂರಾತಿ ಕೇಳಲೇ ಇಲ್ಲ. ಮುಂದಿನ ತಿಂಗಳು ಚುನಾವಣಾ ಪ್ರಚಾರದಲ್ಲಿ, ನಿಮ್ಮ ಮಕ್ಕಳನ್ನು ಹೊರಗಿನ ಯುದ್ಧಕ್ಕೆ ಕಳಿಸೋದಿಲ್ಲ ಅಂತ ತಾಯಂದಿರಿಗೆ ಮಾತು ಕೊಟ್ಟ. ನವೆಂಬರಿನಲ್ಲಿ ಮೂರನೇ ಸಲ ಗೆದ್ದ. ಅಲ್ಲಿಯವರೆಗೆ ಯಾವ ಅಧ್ಯಕ್ಷನೂ ಮೂರು ಸಲ ಗೆದ್ದಿರಲಿಲ್ಲ.

ಗೆದ್ದ ಮೇಲೆ ಆಟ ಬಿರುಸಾಯಿತು. ಬ್ರಿಟನ್ನಿನ ಹತ್ತಿರ ಕೊಡೋಕೆ ರೊಕ್ಕವೇ ಉಳಿದಿರಲಿಲ್ಲ. ಡಿಸೆಂಬರ್ 17ರಂದು ಪತ್ರಕರ್ತರ ಮುಂದೆ ರೂಸ್‌ವೆಲ್ಟ್ ಒಂದು ಉದಾಹರಣೆ ಕೊಟ್ಟ. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ, ನಿಮ್ಮ ಹತ್ತಿರ ತೋಟಕ್ಕೆ ನೀರು ಬಿಡುವ ಪೈಪ್ ಇದೆ. ಮೊದಲು ದುಡ್ಡು ಎಣಿಸು ಅಂತೀರಾ, ಪೈಪ್ ಕೊಟ್ಟು ಬೆಂಕಿ ಆರಿದ ಮೇಲೆ ವಾಪಸ್ ತಗೋತೀರಾ? ನಮ್ಮ ಕಡೆ ಹೊಲಕ್ಕೆ ರಂಟೆ ಕುಂಟೆ ಕಡ ಕೊಡುವಷ್ಟು ಸಲೀಸಾಗಿ ಹೇಳಿದ. ಡಿಸೆಂಬರ್ 29ರ ರೇಡಿಯೋ ಭಾಷಣದಲ್ಲಿ, ಅಮೆರಿಕ ಪ್ರಜಾಪ್ರಭುತ್ವದ ಶಸ್ತ್ರಾಗಾರ ಆಗಬೇಕು ಅಂದ. 1941ರ ಮಾರ್ಚ್ 11ಕ್ಕೆ ‘ಲೆಂಡ್-ಲೀಸ್’ ಕಾಯ್ದೆ ಆಯಿತು. ಅಮೆರಿಕದ ರಕ್ಷಣೆಗೆ ಮುಖ್ಯ ಅಂತ ಅಧ್ಯಕ್ಷ ತೀರ್ಮಾನಿಸಿದ ಯಾವ ದೇಶಕ್ಕೂ ಸರಕು, ಆಯುಧ ಕೊಡಬಹುದು. ಬ್ರಿಟನ್ನಿಗೆ ನೆರವಾಗುವ ಈ ಮಸೂದೆಗೆ ಕೆಳಮನೆಯಲ್ಲಿ ಸಿಕ್ಕ ಸಂಖ್ಯೆ ಏನು ಗೊತ್ತಾ? 1776.

ಈ ಡಿಸೆಂಬರಿನಲ್ಲೇ ನಮ್ಮ ಬೆಂಗಳೂರೂ ಕಥೆಯೊಳಗೆ ಬರುತ್ತದೆ. ವಿಲಿಯಂ ಪಾಲಿ ಅಂತ ಒಬ್ಬ ಅಮೆರಿಕನ್ ವ್ಯಾಪಾರಿ ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ. ಅದಕ್ಕೆ ಜಪಾನೀಯರ ಬಾಂಬ್ ಕಾಟ. ಇತ್ತ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಭಾರತದಲ್ಲಿ ವಿಮಾನ ಮಾಡಬೇಕು ಅನ್ನೋ ಹುಚ್ಚು. 1939ರಲ್ಲಿ ವಿಮಾನ ಪ್ರಯಾಣದಲ್ಲಿ ಇಬ್ಬರಿಗೂ ಆಕಸ್ಮಿಕವಾಗಿ ಭೇಟಿಯಾಯಿತು. ಜಾಗ ಹುಡುಕುವಾಗ ಮೈಸೂರು ಸಂಸ್ಥಾನದ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಕೈ ಹಿಡಿದರು. ಸಂಸ್ಥಾನ ಜಮೀನು ಕೊಟ್ಟಿತು, ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ರೂಸ್‌ವೆಲ್ಟ್‌ನ ಶಸ್ತ್ರಾಗಾರದ ಭಾಷಣಕ್ಕೆ ಆರು ದಿನ ಮುಂಚೆ. ಒಂದಕ್ಕೊಂದು ನೇರ ಸಂಬಂಧ ಇಲ್ಲ, ಆದರೆ ಎರಡೂ ಒಂದೇ ಗಾಳಿ ಬೀಸಿದ ದಿಕ್ಕಿನವು. 1941ರಲ್ಲಿ ಇಲ್ಲಿ ಜೋಡಿಸಿದ ಮೊದಲ ವಿಮಾನ ಹಾರಿತು. ಹಾರ್ಲೋ ಅನ್ನೋ ತರಬೇತಿ ವಿಮಾನ, ಅದೂ ಅಮೆರಿಕನ್ ಮಾದರಿ.

ಈಗ ಇನ್ನೊಂದು ಎಳೆ. ವಿಮಾನದ ಜೊತೆ ಒಂದು ಮಾತೂ ಬಂತು. ಅದು ವಿಮಾನಕ್ಕಿಂತ ದೂರ ಹೋಯಿತು.

1941ರ ಆಗಸ್ಟಿನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ನ್ಯೂಫೌಂಡ್‌ಲ್ಯಾಂಡ್ ಹತ್ತಿರ ಸಮುದ್ರದಲ್ಲಿ ಭೇಟಿಯಾದರು. 14ನೇ ತಾರೀಕು ಅಟ್ಲಾಂಟಿಕ್ ಸನ್ನದು ಹೊರಬಿತ್ತು. ಅದರ ಮೂರನೇ ಅಂಶ: ಯಾವ ಸರ್ಕಾರದ ಕೆಳಗೆ ಬದುಕಬೇಕು ಅಂತ ಆರಿಸಿಕೊಳ್ಳೋ ಹಕ್ಕು ಎಲ್ಲಾ ಜನಾಂಗಗಳಿಗೂ ಇದೆ. ಎಲ್ಲಾ ಅಂದರೆ ಎಲ್ಲಾ. ಭಾರತದಲ್ಲಿ ಇದನ್ನು ಓದಿದವರ ಕಣ್ಣು ಅರಳಿದ್ದು ಸಹಜ. ಒಂದು ತಿಂಗಳೊಳಗೆ, ಸೆಪ್ಟೆಂಬರ್ 9ರಂದು, ಚರ್ಚಿಲ್ ತನ್ನ ಸಂಸತ್ತಿನಲ್ಲಿ ಎದ್ದು ನಿಂತು ಇದು ಹಿಟ್ಲರನ ಕೈಗೆ ಸಿಕ್ಕಿದ ಯುರೋಪಿನ ದೇಶಗಳ ಮಾತು, ಭಾರತ ಬರ್ಮಾದ ಮಾತಲ್ಲ ಅಂತ ಬಿಡಿಸಿ ಹೇಳಿದ. ಒಂದೇ ಕಾಗದ, ಇಬ್ಬರು ಓದಿದ್ದು ಎರಡು ಥರ.

ಡಿಸೆಂಬರ್ 7ಕ್ಕೆ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಅಮೆರಿಕ ನೇರವಾಗಿ ಯುದ್ಧಕ್ಕಿಳಿಯಿತು. ಆ ತಿಂಗಳ ಕೊನೆಗೆ ಚರ್ಚಿಲ್ ವಾಷಿಂಗ್ಟನ್ನಿಗೆ ಬಂದಾಗ ರೂಸ್‌ವೆಲ್ಟ್ ಭಾರತದ ವಿಷಯ ತೆಗೆದ. ತಾನು ಎಷ್ಟು ಖಾರವಾಗಿ ಉತ್ತರ ಕೊಟ್ಟೆ ಅಂದರೆ ಅವನು ಮತ್ತೆ ಬಾಯಿಮಾತಿನಲ್ಲಿ ಆ ವಿಷಯ ಎತ್ತಲಿಲ್ಲ ಅಂತ ಚರ್ಚಿಲ್ ಆಮೇಲೆ ಬರೆದುಕೊಂಡಿದ್ದಾನೆ. 1942ರ ಜನವರಿ 1ರಂದು 26 ದೇಶಗಳು ಸಂಯುಕ್ತ ರಾಷ್ಟ್ರಗಳ ಘೋಷಣೆಗೆ ಸಹಿ ಹಾಕಿದವು. ಅದರಲ್ಲಿ ಭಾರತದ ಹೆಸರೂ ಇದೆ. ಸಹಿ ಹಾಕಿದವರು ಗಿರಿಜಾ ಶಂಕರ್ ಬಾಜಪೇಯಿ, ಬ್ರಿಟಿಷ್ ಭಾರತ ಸರ್ಕಾರದ ಪ್ರತಿನಿಧಿ. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತೇವೆ ಅಂತ ಸ್ವಾತಂತ್ರ್ಯ ಇಲ್ಲದ ದೇಶ ಸಹಿ ಹಾಕಿತ್ತು.

1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಬಿತ್ತು, ಮಾರ್ಚ್ 8ಕ್ಕೆ ರಂಗೂನ್. ಜಪಾನೀಯರು ನಮ್ಮ ಬಾಗಿಲಿಗೇ ಬಂದರು. ಈಗ ಭಾರತದ ಜನ ಮನಸ್ಸಿಟ್ಟು ಯುದ್ಧ ಮಾಡದಿದ್ದರೆ ಕಥೆ ಮುಗಿಯಿತು ಅಂತ ರೂಸ್‌ವೆಲ್ಟ್‌ಗೆ ಅನಿಸಿತು. ಬಾಯಲ್ಲಿ ಹೇಳದೇ ಮಾರ್ಚ್ 10ರಂದು ಚರ್ಚಿಲ್‌ಗೆ ಬರೆದ. ನಮ್ಮ 13 ರಾಜ್ಯಗಳು 1783ರಿಂದ 1789ರವರೆಗೆ ಒಂದು ತಾತ್ಕಾಲಿಕ ವ್ಯವಸ್ಥೆಯಲ್ಲಿ ನಡೆದು, ತಪ್ಪು ಮಾಡುತ್ತ ಕಲಿಯುತ್ತ ಸಂವಿಧಾನಕ್ಕೆ ಬಂದವು. ಹಾಗೇ ಭಾರತದಲ್ಲೂ ಬೇರೆ ಬೇರೆ ಜಾತಿ, ಧರ್ಮ, ಕಸುಬು, ಪ್ರಾಂತ್ಯಗಳ ಜನರಿರುವ ತಾತ್ಕಾಲಿಕ ಸರ್ಕಾರ ಯಾಕೆ ಮಾಡಬಾರದು? ಜೊತೆಗೇ, ಇದು ನಿಜ ಹೇಳಬೇಕೆಂದರೆ ನನಗೆ ಸಂಬಂಧಪಡದ ವಿಷಯ ಅಂತಲೂ ಸೇರಿಸಿದ. ನಮ್ಮ ಆಫೀಸಿನಲ್ಲಿ ಇನ್ನೊಂದು ಟೀಮಿನ ಮ್ಯಾನೇಜರ್‌ಗೆ ಮೇಲ್ ಬರೆಯುವಾಗ ನಾವೂ ಹೀಗೇ ಬರೆಯುತ್ತೀವಿ, ಅಲ್ವಾ?

ಸ್ಟಾಫರ್ಡ್ ಕ್ರಿಪ್ಸ್ ಸಂಧಾನಕ್ಕೆ ಅಂತ ದೆಹಲಿಗೆ ಬಂದರು. ಯುದ್ಧ ಮುಗಿದ ಮೇಲೆ ಸ್ವಾಧಿಪತ್ಯ, ಈಗ ಸಹಕಾರ ಅನ್ನೋದು ಅವರು ತಂದ ಸೂತ್ರ. ಏಪ್ರಿಲ್ 3ಕ್ಕೆ ರೂಸ್‌ವೆಲ್ಟ್‌ನ ಖಾಸಾ ಪ್ರತಿನಿಧಿ ಕರ್ನಲ್ ಲೂಯಿಸ್ ಜಾನ್ಸನ್ ಕೂಡ ಬಂದಿಳಿದ. ರಕ್ಷಣಾ ಖಾತೆ ಯಾರ ಕೈಯಲ್ಲಿರಬೇಕು ಅನ್ನೋದರ ಮೇಲೆ ಮಾತುಕತೆ ಸಿಕ್ಕಿಕೊಂಡಿತ್ತು. ಜಾನ್ಸನ್ ಕ್ರಿಪ್ಸ್ ಮತ್ತು ನೆಹರೂ ನಡುವೆ ಓಡಾಡಿ ಒಂದು ಮಧ್ಯದ ದಾರಿ ಹುಡುಕಿದ. ವೈಸರಾಯ್ ಲಿನ್ಲಿತ್ಗೋಗೆ ಅದು ಹಿಡಿಸಲಿಲ್ಲ, ಚರ್ಚಿಲ್‌ಗಂತೂ ಮೊದಲೇ ಬೇಡ. ಈ ವಿಷಯದಲ್ಲಿ ಜಾನ್ಸನ್ ಅಧ್ಯಕ್ಷರ ಪರವಾಗಿ ಮಾತಾಡುತ್ತಿಲ್ಲ ಅಂತ ಲಂಡನ್ನಿನಿಂದ ಸಂದೇಶ ಹೋಯಿತು. ಏಪ್ರಿಲ್ 10ರಂದು ಕಾಂಗ್ರೆಸ್ ಸೂತ್ರವನ್ನು ತಿರಸ್ಕರಿಸಿತು. ಕ್ರಿಪ್ಸ್‌ರನ್ನು ವಾಪಸ್ ಕರೆಸಬೇಡಿ, ಇನ್ನೊಂದು ಸಲ ಪ್ರಯತ್ನಿಸಿ ಅಂತ ರೂಸ್‌ವೆಲ್ಟ್ ತಂತಿ ಕಳಿಸಿದ. ಯುದ್ಧ ಮುಗಿದ ಮೇಲೆ ಬಿಟ್ಟುಕೊಡೋಕೆ ತಯಾರಿರೋರು ಈಗಲೇ ಯಾಕೆ ಅಧಿಕಾರ ಕೊಡಬಾರದು ಅಂತ ಅಮೆರಿಕದ ಜನ ಕೇಳ್ತಾರೆ ಅಂತಲೂ ಬರೆದ. ಅದು ಮುಟ್ಟುವ ಹೊತ್ತಿಗೆ ಕ್ರಿಪ್ಸ್ ಗಂಟುಮೂಟೆ ಕಟ್ಟಿ ಆಗಿತ್ತು. 12ಕ್ಕೆ ಅವರು ದೆಹಲಿ ಬಿಟ್ಟರು.

ಭಾರತದ ಪರವಾಗಿ ರೂಸ್‌ವೆಲ್ಟ್ ಜೋರಾಗಿ ತಳ್ಳಿದ್ದು ಅದೇ ಕೊನೆ.

ಜುಲೈ 1ರಂದು ಗಾಂಧೀಜಿ ಅವನಿಗೆ ಪತ್ರ ಬರೆದರು. ಅವರು ಏನು ಕೇಳಿದರು ಅನ್ನೋದು ಮುಖ್ಯ. ಮಿತ್ರಸೈನ್ಯ ಭಾರತ ಬಿಟ್ಟು ಹೋಗಲಿ ಅಂತ ಅವರು ಕೇಳಲಿಲ್ಲ. ಸ್ವತಂತ್ರ ಭಾರತದ ಜೊತೆ ಒಪ್ಪಂದ ಮಾಡಿಕೊಂಡು ಜಪಾನಿನ ವಿರುದ್ಧ ಹೋರಾಡೋಕೆ ಇರಲಿ, ಖರ್ಚು ಅವರದು ಅಂದರು. ಆದರೆ ಭಾರತವನ್ನೂ ಆಫ್ರಿಕಾವನ್ನೂ ಬ್ರಿಟನ್ ಹಿಂಡುತ್ತಿರುವಾಗ, ಅಮೆರಿಕದ ಸ್ವಂತ ಮನೆಯಲ್ಲೇ ಕರಿಯರ ಸಮಸ್ಯೆ ಇರುವಾಗ, ಸ್ವಾತಂತ್ರ್ಯಕ್ಕಾಗಿ ಯುದ್ಧ ಅನ್ನೋ ಮಾತು ಟೊಳ್ಳಾಗಿ ಕೇಳಿಸುತ್ತದೆ ಅಂತ ನೇರವಾಗಿ ಹೇಳಿದರು. ಉತ್ತರದ ಮೇಲಿನ ತಾರೀಕು ಆಗಸ್ಟ್ 1. ಸೌಜನ್ಯ ಇದೆ, ಸಮಾನ ಶತ್ರುವಿನ ವಿರುದ್ಧ ಒಟ್ಟಾಗೋಣ ಅನ್ನೋ ಆಶಯ ಇದೆ, ಬೇರೇನೂ ಇಲ್ಲ. ಆಗಸ್ಟ್ 8ರ ರಾತ್ರಿ ಬೊಂಬಾಯಿಯಲ್ಲಿ ಭಾರತ ಬಿಟ್ಟು ತೊಲಗಿ ಠರಾವು ಪಾಸಾಯಿತು. 9ರ ಬೆಳಗ್ಗೆ ಗಾಂಧೀಜಿ, ನೆಹರೂ ಎಲ್ಲರೂ ಬಂಧನ. ಮೂರು ದಿನ ಬಿಟ್ಟು ಅಮೆರಿಕ ಒಂದು ಹೇಳಿಕೆ ಕೊಟ್ಟಿತು: ಭಾರತದಲ್ಲಿರುವ ನಮ್ಮ ಸೈನಿಕರು ಇರೋದು ಶತ್ರುಗಳ ಜೊತೆ ಹೋರಾಡೋಕೆ, ಅಲ್ಲಿನ ಆಂತರಿಕ ರಾಜಕೀಯದಲ್ಲಿ ತಲೆ ಹಾಕಬಾರದು ಅಂತ ಅವರಿಗೆ ಹೇಳಿದ್ದೇವೆ.

ನಮ್ಮ ಕಡೆ ಆಗ ಏನಾಗುತ್ತಿತ್ತು? ಬಂಕಾಪುರ, ಹಾವೇರಿ, ಸವಣೂರು, ಹಾನಗಲ್ ಕಡೆಯವರಿಗೆ ಸುತ್ತ ಎರಡು ಮೂರು ಆಡಳಿತ. ಹಾವೇರಿ, ಬಂಕಾಪುರ ಎಲ್ಲ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ನೇರ ಬ್ರಿಟಿಷ್ ಆಡಳಿತ. ಪಕ್ಕದ ಸವಣೂರಿಗೆ ನವಾಬರು. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಮೈಸೂರು ಸಂಸ್ಥಾನ. ಅದಕ್ಕೇ ಒಂದೇ ಯುದ್ಧ ಕನ್ನಡದ ಎರಡು ಭಾಗಗಳಿಗೆ ಎರಡು ಮುಖ ತೋರಿಸಿತು. ಮೈಸೂರಿನವರೂ ಸುಮ್ಮನೆ ಕೂತಿರಲಿಲ್ಲ, ಈಸೂರು ಅದೇ ಸಂಸ್ಥಾನದ್ದು. ಆದರೆ ಬೆಂಗಳೂರಿಗೆ ಯುದ್ಧ ಕೆಲಸವನ್ನೂ ತಂದಿತು: ಕಾರ್ಖಾನೆ, ಪಾಳಿ, ಸಂಬಳ. ನಮ್ಮ ಕಡೆ ತಂದದ್ದು ತುಟ್ಟಿ, ಕಂದಾಯ ಮತ್ತು ಪೊಲೀಸು.

ಮೈಲಾರ ಮಹಾದೇವಪ್ಪ ಬ್ಯಾಡಗಿ ಹತ್ತಿರದ ಮೋಟೆಬೆನ್ನೂರಿನವರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ಹೊರಟ ತಂಡದಲ್ಲಿದ್ದ ಕನ್ನಡಿಗ. ಆಗ ಹದಿನೆಂಟು ತುಂಬಿ ಹತ್ತೊಂಬತ್ತಕ್ಕೆ ಬರುತ್ತಿದ್ದ ಹುಡುಗ. ಹೆಂಡತಿ ಸಿದ್ದಮ್ಮ ಕೂಡ ಚಳವಳಿಯಲ್ಲಿದ್ದವರು. 1942ರಲ್ಲಿ ನಾಯಕರೆಲ್ಲ ಜೈಲು ಸೇರಿದ ಮೇಲೆ ಮಹಾದೇವಪ್ಪ ಭೂಗತರಾದರು. ಸರ್ಕಾರ ನಡೆಯೋಕೆ ಏನೇನು ಬೇಕೋ ಅದನ್ನು ನಿಲ್ಲಿಸೋದು ಅವರ ತಂಡದ ದಾರಿ. ಹಳ್ಳಿಯಲ್ಲಿ ಸರ್ಕಾರ ಅಂದರೆ ಮೊದಲಿಗೆ ಕಂದಾಯವೇ ತಾನೆ?

ಅವರು ಹೀಗೆ ಊರೂರು ತಿರುಗುತ್ತಿದ್ದಾಗ ದೆಹಲಿಗೆ ರೂಸ್‌ವೆಲ್ಟ್‌ನ ಎರಡನೇ ಪ್ರತಿನಿಧಿ ಬಂದಿದ್ದ. ವಿಲಿಯಂ ಫಿಲಿಪ್ಸ್, ಪಳಗಿದ ರಾಜತಾಂತ್ರಿಕ, 1943ರ ಜನವರಿಯಲ್ಲಿ ಬಂದವನು. ಫೆಬ್ರವರಿ 10ರಿಂದ 21 ದಿನ ಗಾಂಧೀಜಿ ಆಗಾ ಖಾನ್ ಅರಮನೆಯಲ್ಲಿ ಉಪವಾಸ ಮಾಡಿದರು. ಸತ್ತೇ ಹೋಗುತ್ತಾರೆ ಅಂತ ಎಲ್ಲರಿಗೂ ಭಯ. ಅಮೆರಿಕ ಏನಾದರೂ ಮಾಡುತ್ತದಾ ಅಂತ ಜನ ಫಿಲಿಪ್ಸ್ ಮುಖ ನೋಡಿದರು. ಅವನು ಖಾಸಗಿಯಾಗಿ ವೈಸರಾಯ್ ಹತ್ತಿರ ಕಳವಳ ತೋಡಿಕೊಂಡ, ಬಹಿರಂಗವಾಗಿ ಏನೂ ಹೇಳುವ ಹಾಗಿರಲಿಲ್ಲ. ಮಾರ್ಚ್ 3ಕ್ಕೆ ಉಪವಾಸ ಮುಗಿಯಿತು. ಏಪ್ರಿಲ್ 1ಕ್ಕೆ ಹೊಸರಿತ್ತಿಯಲ್ಲಿ ಮೂವರು ಸತ್ತರು. ಆ ತಿಂಗಳು ಫಿಲಿಪ್ಸ್ ಗಾಂಧೀಜಿಯನ್ನು ಭೇಟಿಯಾಗೋಕೆ ಅನುಮತಿ ಕೇಳಿದ, ಲಿನ್ಲಿತ್ಗೋ ಆಗಲ್ಲ ಅಂದ. ತಿಂಗಳ ಕೊನೆಗೆ ಫಿಲಿಪ್ಸ್ ಭಾರತ ಬಿಟ್ಟ.

ವಾಪಸ್ ಹೋದವನು ಸುಮ್ಮನಿರಲಿಲ್ಲ. ಮೇ 14ರಂದು ರೂಸ್‌ವೆಲ್ಟ್‌ಗೆ ವರದಿ ಬರೆದ. ಜನ ಈ ಯುದ್ಧ ತಮ್ಮದು ಅಂದುಕೊಂಡಿಲ್ಲ, ಸೈನ್ಯ ಸಂಬಳಕ್ಕೆ ದುಡಿಯುತ್ತಿದೆ, ಬ್ರಿಟನ್ ಸ್ವಾತಂತ್ರ್ಯದ ಖಚಿತ ಮಾತು ಕೊಡದೇ ಇದು ಬದಲಾಗಲ್ಲ, ಜಪಾನಿನ ಜೊತೆಗಿನ ಈ ಯುದ್ಧ ನಮ್ಮದೂ ಆಗಿರುವಾಗ ಮಾತಾಡುವ ಹಕ್ಕು ನಮಗಿದೆ ಅಂತ ಅದರ ಸಾರ. ರೂಸ್‌ವೆಲ್ಟ್ ಅವನನ್ನು ಆಗ ವಾಷಿಂಗ್ಟನ್ನಿನಲ್ಲಿದ್ದ ಚರ್ಚಿಲ್ ಹತ್ತಿರ ಕಳಿಸಿದ. ಚರ್ಚಿಲ್ ಕೆರಳಿದ. ಅಷ್ಟೇ. ವರದಿ ಕಡತ ಸೇರಿತು. 1944ರ ಜುಲೈನಲ್ಲಿ ಡ್ರೂ ಪಿಯರ್ಸನ್ ಅನ್ನೋ ಅಂಕಣಕಾರ ಅದನ್ನು ಬಯಲು ಮಾಡಿದಾಗ ದೊಡ್ಡ ಗುಲ್ಲೆದ್ದಿತು, ನೀತಿ ಬದಲಾಗಲಿಲ್ಲ.

ಯಾಕೆ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಬೆಂಗಳೂರಿನಲ್ಲೇ ಇದೆ. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಗೆ ಹೋಯಿತು, 84ನೇ ಏರ್ ಡಿಪೋ ಅನ್ನೋ ಹೆಸರಿನಲ್ಲಿ. ಬರ್ಮಾ ಬಿದ್ದ ಮೇಲೆ ಚೀನಾಕ್ಕೆ ರಸ್ತೆಯೇ ಇರಲಿಲ್ಲ. ಅಸ್ಸಾಮಿನಿಂದ ಹಿಮಾಲಯದ ತುದಿ ದಾಟಿ ವಿಮಾನದಲ್ಲೇ ಸಾಮಾನು ಹೋಗಬೇಕು. ಅಷ್ಟು ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸೋಕೆ ಒಂದು ಭದ್ರವಾದ ಜಾಗ ಬೇಕಿತ್ತು. ಬಂದರು, ರೈಲು, ಕಾರ್ಖಾನೆ, ವಿಮಾನ ನಿಲ್ದಾಣ ಎಲ್ಲದರ ಬೀಗದ ಕೈ ಇದ್ದದ್ದು ಬ್ರಿಟಿಷರ ಸೊಂಟದಲ್ಲಿ. ಯಾರ ಮನೆಯಲ್ಲಿ ಬಾಡಿಗೆಗಿದ್ದೀವೋ ಆ ಮಾಲೀಕನ ಮನೆ ಜಗಳದಲ್ಲಿ ನ್ಯಾಯ ಹೇಳೋದು ಎಷ್ಟು ಕಷ್ಟ ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ.

ಉಳಿದರ್ಧ ಉತ್ತರ ಯುರೋಪಿನಲ್ಲಿ. ಅಮೆರಿಕದ ಮೊದಲ ಲೆಕ್ಕ ಹಿಟ್ಲರ್. ಅವನನ್ನು ಮುರಿಯೋಕೆ ಬ್ರಿಟನ್ ಬೇಕು, ಬ್ರಿಟನ್ ಅಂದರೆ ಚರ್ಚಿಲ್. ಉತ್ತರ ಆಫ್ರಿಕಾದ ದಂಡಯಾತ್ರೆಗೆ, ಆಮೇಲೆ ಫ್ರಾನ್ಸಿನ ದಾಳಿಗೆ ಇಬ್ಬರೂ ಒಟ್ಟಿಗೆ ಇರಬೇಕು. 1942ರ ನವೆಂಬರಿನಲ್ಲಿ ಚರ್ಚಿಲ್, ಸಾಮ್ರಾಜ್ಯವನ್ನು ಮುಚ್ಚಿ ಬೀಗ ಹಾಕೋಕೆ ತಾನು ಪ್ರಧಾನಿ ಆಗಿಲ್ಲ ಅಂತ ಸಾರಿದ ಮೇಲೆ, ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ರೂಸ್‌ವೆಲ್ಟ್ ಮಿತ್ರನನ್ನು ಆರಿಸಿದ.

ಹಾಗಾದರೆ ಅವನು ಆಷಾಢಭೂತಿಯಾ? ನಾನು ಹಾಗೆ ಹೇಳಲ್ಲ. 1942ರ ಮಾರ್ಚಿನಲ್ಲಿ ಬರೆದ ಪತ್ರ ಸುಳ್ಳಲ್ಲ. ವಸಾಹತುಗಳ ಕಾಲ ಮುಗೀತು ಅಂತ ಅವನು ನಿಜವಾಗಿ ನಂಬಿದ್ದ. ಜಪಾನೀಯರು ಗೆದ್ದಿದ್ದರೆ ನಮ್ಮ ಸ್ವಾತಂತ್ರ್ಯದ ಗತಿ ಏನಾಗುತ್ತಿತ್ತು ಅನ್ನೋದಕ್ಕೆ ಅಂಡಮಾನಿನಲ್ಲಿ ಅವರು ನಡೆಸಿದ ಹಿಂಸೆಯೇ ಸಾಕ್ಷಿ. ಯುದ್ಧ ಗೆಲ್ಲೋದು ಮೊದಲು ಅನ್ನುವ ವಾದದಲ್ಲಿ ತೂಕ ಇದೆ. ಆದರೆ ಸುಮ್ಮನಿರೋದಕ್ಕೂ ಒಂದು ಬೆಲೆ ಇದೆ, ಅದನ್ನು ಬೇರೆಯವರು ಕಟ್ಟಿದರು ಅನ್ನೋದನ್ನೂ ಅದರ ಜೊತೆಗೇ ಹೇಳಬೇಕು. ಬಂಗಾಳದಲ್ಲಿ 1943ರಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. 1944ರ ಏಪ್ರಿಲ್ ಕೊನೆಗೆ ಚರ್ಚಿಲ್ಲೇ, ಭಾರತಕ್ಕೆ ಗೋಧಿ ತರೋಕೆ ಹಡಗು ಕೊಡಿ ಅಂತ ರೂಸ್‌ವೆಲ್ಟ್‌ನನ್ನು ಕೇಳಿದ. ಜೂನ್ 1ಕ್ಕೆ ಉತ್ತರ ಬಂತು: ಸಹಾನುಭೂತಿ ಇದೆ, ಹಡಗು ಇಲ್ಲ. ಐದು ದಿನಕ್ಕೆ ನಾರ್ಮಂಡಿ ದಾಳಿ ಇತ್ತು. ಲೆಕ್ಕದ ಪ್ರಕಾರ ಸರಿ. ಆ ಲೆಕ್ಕದಲ್ಲಿ ಭಾರತದ ಹೊಟ್ಟೆ ಯಾವಾಗಲೂ ಎರಡನೇ ಸಾಲಿನಲ್ಲಿತ್ತು ಅನ್ನೋದೂ ಸರಿ.

ಅಮೆರಿಕದೊಳಗಿನ ಕಾನೂನನ್ನು ಬಗ್ಗಿಸೋಕೆ ಅವನು ಐದು ವರ್ಷ ತಾಳ್ಮೆಯಿಂದ ಕೆಲಸ ಮಾಡಿದ. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದ: ಭಾಷಣ, ತಿದ್ದುಪಡಿ, ಹಡಗು ವಿನಿಮಯ, ಪೈಪಿನ ಕಥೆ. ಭಾರತದ ವಿಷಯದಲ್ಲಿ ಒಂದು ವರ್ಷ ಮಾತ್ರ ಮಾಡಿದ. 1937ರಲ್ಲಿ ಹಿಂದೆ ಸರಿದವನು ಆಮೇಲೆ ಬೇರೆ ದಾರಿಯಿಂದ ಬಂದ. 1942ರಲ್ಲಿ ಹಿಂದೆ ಸರಿದವನು ಮತ್ತೆ ಬರಲೇ ಇಲ್ಲ. 1945ರ ಏಪ್ರಿಲ್ 12ರಂದು ತೀರಿಹೋದ. ಕ್ರಿಪ್ಸ್ ದೆಹಲಿ ಬಿಟ್ಟು ಅವತ್ತಿಗೆ ಸರಿಯಾಗಿ ಮೂರು ವರ್ಷ.

ನಮ್ಮ ಕಡೆಯವರಿಗೆ ಇಂಥ ಲೆಕ್ಕ ಹೊಸದೇನಲ್ಲ. ಹೈದರ್ ಸವಣೂರಿನ ನವಾಬ ಅಬ್ದುಲ್ ಹಕೀಂ ಖಾನನ ಜೊತೆ 1779ರಲ್ಲಿ ಬೀಗತನ ಬೆಳೆಸಿದ. ಮಗಳನ್ನು ಕೊಟ್ಟ, ಅವರ ಮಗಳನ್ನು ತಂದುಕೊಂಡ. ಏಳೇ ವರ್ಷಕ್ಕೆ ಅದೇ ನವಾಬ ಮರಾಠರ ಪಕ್ಷ ಸೇರಿದ, ಹೈದರನ ಮಗ ಟಿಪ್ಪುವಿನ ಸೈನ್ಯ ಸವಣೂರಿಗೆ ನುಗ್ಗಿತು. ದೊಡ್ಡವರ ಸ್ನೇಹ ಅವರ ಅಗತ್ಯ ಇರೋವರೆಗೆ ಅಂತ ವರದಾ ಬಯಲಿನ ಜನಕ್ಕೆ ಆಗಲೇ ಗೊತ್ತಿತ್ತು.

ಹಾಗಂತ ಅಟ್ಲಾಂಟಿಕ್ ಸನ್ನದು ವ್ಯರ್ಥ ಅಂತಲ್ಲ. ಅದರ ಮೂರನೇ ಅಂಶವನ್ನು ಬರೆದವರು ಪಕ್ಕಕ್ಕಿಟ್ಟರೂ ಓದಿದವರು ಬಿಡಲಿಲ್ಲ. ಏಷ್ಯಾ ಆಫ್ರಿಕಾದ ನಾಯಕರು ಮುಂದೆ ಅದನ್ನೇ ಹಿಡಿದು ಜಗ್ಗಿದರು. ಇವತ್ತು ಯಾವುದೋ ಯುದ್ಧದ ಬಗ್ಗೆ ಯಾವುದೋ ಅಧ್ಯಕ್ಷ ಟಿವಿಯಲ್ಲಿ ದೊಡ್ಡ ಮಾತಾಡಿದಾಗ ನಾನು ಮೂರು ವಿಷಯ ನೋಡ್ತೀನಿ. ಅವನ ಕೈ ಕಟ್ಟಿರುವ ಕಾನೂನು ಮತ್ತು ಮತದಾರರು ಯಾರು? ಅವನಿಗೆ ಬಿಡಲಾಗದ ಮಿತ್ರ ಯಾರು? ಅವನ ವಿಮಾನ ಯಾರ ನೆಲದಲ್ಲಿ ರಿಪೇರಿ ಆಗ್ತಿದೆ? ಇಷ್ಟು ಗೊತ್ತಾದರೆ ಅವನು ಎಲ್ಲಿಯವರೆಗೆ ಮಾತಾಡ್ತಾನೆ, ಎಲ್ಲಿ ಸುಮ್ಮನಾಗ್ತಾನೆ ಅಂತ ಸುಮಾರಾಗಿ ಗೊತ್ತಾಗುತ್ತದೆ.

ಹಾವೇರಿ ರೈಲ್ವೆ ಸ್ಟೇಷನ್ನಿಗೆ ಈಗ ಮಹಾದೇವಪ್ಪ ಮೈಲಾರ ಅವರ ಹೆಸರಿದೆ. ಮುಂದಿನ ಸಲ ಹುಬ್ಬಳ್ಳಿ ಕಡೆಯ ರೈಲು ಅಲ್ಲಿ ನಿಂತಾಗ ಫೋನಿನಿಂದ ತಲೆ ಎತ್ತಿ ಒಮ್ಮೆ ಬೋರ್ಡ್ ಓದಿ. ಸನ್ನದಿನ ಮೂರನೇ ಅಂಶವನ್ನು ಯಾರ ಅನುಮತಿಯನ್ನೂ ಕೇಳದೇ ಜಾರಿಗೆ ತರೋಕೆ ಹೊರಟವರ ಹೆಸರು ಅದು.